ಪೋಡಿ: ಇಬ್ಬರ ಎಲೆ ಆಟವೊಂದನ್ನು ಕಟ್ಟಿದ ಬಗೆ

ಜಮೀನು ಪಾಲಾಗುವಾಗ ದೊಡ್ಡವನು ಪಾಲು ಮಾಡಬೇಕು, ಚಿಕ್ಕವನು ಮೊದಲು ಆರಿಸಬೇಕು ಎನ್ನುವುದು ನಮ್ಮ ಕಡೆಯ ಹಳೇ ನ್ಯಾಯ. ಉಳಿದದ್ದು ತನ್ನ ತಲೆಗೇ ಬರುತ್ತದೆಂದು ಗೊತ್ತಿರುವವನು ಪಾಲಿನಲ್ಲಿ ಮೋಸ ಮಾಡುವುದಿಲ್ಲ. ನಾನು ಕಟ್ಟಿದ 'ಪೋಡಿ' ಆಟ ನಿಂತಿರುವುದು ಅದೊಂದೇ ನಿಯಮದ ಮೇಲೆ. ಆರು ಎಲೆ ಎತ್ತಿಕೊಂಡು ಎರಡು ಪಾಲು ಮಾಡಬೇಕು, ಎದುರಿನವರು ಒಂದನ್ನು ಆರಿಸಿಕೊಳ್ಳುತ್ತಾರೆ, ಉಳಿದದ್ದು ಪಾಲು ಮಾಡಿದವರಿಗೆ. ಎಲೆಗಳ ಮೇಲೆ ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕುಗಳ ಹೆಸರಿವೆ. ಯಾವ ತಾಲ್ಲೂಕಿನ ಎಲೆ ಯಾರ ಬಳಿ ಹೆಚ್ಚಿದೆಯೋ ಅದರ ಖಾತೆ ಅವರದು.

ಕೇಳಲು ಸಲೀಸು. ಕಟ್ಟಲು ಕೂತರೆ ಬುಡದಲ್ಲೇ ಒಂದು ತೊಡಕು. ಪ್ರತಿ ಎಲೆಯ ಬೆಲೆ ಇಬ್ಬರಿಗೂ ಒಂದೇ ಆಗಿದ್ದರೆ ಆಟವೇ ಇಲ್ಲ. ಪಾಲು ಮಾಡುವವನು ಕೂಡಿ ಕಳೆದು ಎರಡು ಸಮಪಾಲು ಇಡುತ್ತಾನೆ, ಆರಿಸುವವನಿಗೆ ಯಾವುದಾದರೂ ಒಂದೇ, ಕಿರಾಣಿ ಲೆಕ್ಕ ಮಾಡಿದಂತೆ. ಅದೇ ಎಲೆ ನನಗೆ ಏಳು ಅಂಕದ್ದು, ನಿಮಗೆ ಬರೀ ಕಾಗದ ಎಂಬ ಸ್ಥಿತಿ ಬಂದಾಗ ಮಾತ್ರ ಪಾಲು ಮಾಡುವುದರಲ್ಲಿ ಕೈಚಳಕಕ್ಕೆ ಜಾಗ ಸಿಗುತ್ತದೆ. ಇಬ್ಬರಿಗೂ ತಾವೇ ಗೆದ್ದೆವೆನ್ನಿಸುವ ಪಾಲು ಸಾಧ್ಯವಾಗುವುದೂ ಆಗಲೇ. ಮುಂದೆ ಹೇಳುವ ನಿಯಮಗಳೆಲ್ಲ ಬಂದದ್ದು ಈ ಒಂದು ತೊಡಕನ್ನು ಬಿಡಿಸಲು.

ಒಬ್ಬ ಹಂಚುವುದು, ಇನ್ನೊಬ್ಬ ಆರಿಸುವುದು ಹೊಸ ಯೋಚನೆಯಲ್ಲ. ಗ್ರೀಕ್ ಕವಿ ಹೆಸಿಯೋಡ್ ಹೇಳುವ ಕತೆಯಲ್ಲಿ ಪ್ರೊಮಿಥಿಯಸ್ ಎತ್ತಿನ ಮಾಂಸವನ್ನು ಎರಡು ಪಾಲು ಮಾಡಿ ಸ್ಯೂಸ್‌ನ ಮುಂದಿಡುತ್ತಾನೆ. ಒಂದರಲ್ಲಿ ಒಳ್ಳೇ ಮಾಂಸವನ್ನು ಹೊಟ್ಟೆಚೀಲದಡಿ ಅಡಗಿಸಿ, ಇನ್ನೊಂದರಲ್ಲಿ ಮೂಳೆಗೆ ಕೊಬ್ಬು ಹೊದಿಸಿ. ಎಲೆ ಮುಚ್ಚಿಡುವ ನನ್ನ ನಿಯಮದ ಮೂಲಪುರುಷ ಅವನೇ ಅನ್ನಬಹುದು. ಇತ್ತೀಚಿನ ಆಟಗಳಲ್ಲಿ 2001ರ 'ಸ್ಯಾನ್ ಮಾರ್ಕೊ' ವೆನಿಸ್ ನಗರದ ಬಡಾವಣೆಗಳ ಮೇಲಿನ ಹಿಡಿತಕ್ಕಾಗಿ ಎಲೆ ಪಾಲು ಮಾಡಿಸುತ್ತದೆ. ಇಬ್ಬರಿಗೆಂದೇ ಮಾಡಿದ್ದರಲ್ಲಿ ಕೋಟಾ ನಕಾಯಾಮ ಅವರ 'ಹನಮಿಕೋಜಿ', 2013ರದ್ದು, ಅಳೆದು ತೂಗಿ ಮಾಡಿದ ಆಟ. ಅದರಲ್ಲಿ 21 ಎಲೆ, ಏಳು ಜನ ಗೇಶಾಗಳು, ಒಬ್ಬೊಬ್ಬರಿಗೂ ನಾಲ್ಕೇ ನಡೆ. ಅದರ ಒಂದು ನಡೆಯಲ್ಲಿ ಮೂರು ಎಲೆ ಮುಂದಿಟ್ಟರೆ ಎದುರಾಳಿ ಒಂದನ್ನು ಎತ್ತಿಕೊಳ್ಳುತ್ತಾರೆ, ಇನ್ನೊಂದರಲ್ಲಿ ಎರಡೆರಡರ ಎರಡು ಜೋಡಿ ಇಟ್ಟರೆ ಒಂದು ಜೋಡಿ ಅವರಿಗೆ ಹೋಗುತ್ತದೆ. ಎತ್ತಿಕೊಂಡವರಿಗೆ ಹೊರೆಯಾಗುವ ಎಲೆ ಎಂಬ ಯೋಚನೆ ನನಗೆ ಬಂದದ್ದು 'ಸ್ಯಾನ್ ಮಾರ್ಕೊ'ದಿಂದ, ಏಳು ಸಾಲಿನ ಹರವು 'ಹನಮಿಕೋಜಿ'ಯಿಂದ. ಉಳಿದದ್ದು ಪಹಣಿ, ಸರ್ವೆ ನಂಬರಿನ ಭಾಷೆ. ಒಂದು ಸರ್ವೆ ನಂಬರನ್ನು ಅಳೆದು ಹಿಸ್ಸೆ ಮಾಡುವುದೇ ಪೋಡಿ.

ಎಲೆ ಒಟ್ಟು 40. ಅವುಗಳಲ್ಲಿ 35 ತಾಲ್ಲೂಕಿನವು, 5 ತಕರಾರು, ಅಂದರೆ ಅಂಕ ಕಳೆಯುವ ಹೊರೆಯ ಎಲೆ. ಮೇಜಿನ ನಡುವೆ ಏಳು ತಾಲ್ಲೂಕುಗಳನ್ನು ಒಂದೇ ಸಾಲಿನಲ್ಲಿ ಇಡಬೇಕು: ಶೃಂಗೇರಿ, ಕೊಪ್ಪ, ನರಸಿಂಹರಾಜಪುರ, ತರೀಕೆರೆ, ಕಡೂರು, ಚಿಕ್ಕಮಗಳೂರು, ಮೂಡಿಗೆರೆ. ಈ ಕ್ರಮದಲ್ಲಿ ಪ್ರತಿ ತಾಲ್ಲೂಕೂ ಪಕ್ಕದ್ದಕ್ಕೆ ಭೂಪಟದಲ್ಲೂ ಗಡಿ ಹಂಚಿಕೊಂಡಿದೆ. ಚಿಕ್ಕಮಗಳೂರಿಗೂ ತರೀಕೆರೆಗೂ ಗಡಿ ಇದೆ, ಆದರೆ ಆಟಕ್ಕೆ ಸಾಲಿನಲ್ಲಿ ಸಿಗುವ ಆರು ಗಡಿ ಸಾಕು. ಶೃಂಗೇರಿ, ಕೊಪ್ಪಕ್ಕೆ ತಲಾ 3 ಎಲೆ. ನರಸಿಂಹರಾಜಪುರ, ತರೀಕೆರೆ, ಮೂಡಿಗೆರೆಗೆ ತಲಾ 5. ಕಡೂರು, ಚಿಕ್ಕಮಗಳೂರಿಗೆ ತಲಾ 7. ಎಷ್ಟು ಎಲೆಯೋ ಅಷ್ಟೇ ಅಂಕ: ಕಡೂರು ಗೆದ್ದರೆ 7, ಶೃಂಗೇರಿ ಗೆದ್ದರೆ 3. ಅಜ್ಜಂಪುರ, ಕಳಸ ಸೇರಿ ಈಗ ಜಿಲ್ಲೆಯಲ್ಲಿ ಒಂಬತ್ತು ತಾಲ್ಲೂಕುಗಳಿದ್ದರೂ ಹಳೆಯ ಏಳನ್ನೇ ಇಟ್ಟುಕೊಂಡೆ. ಒಂಬತ್ತು ಸಾಲು ಹರವಿದರೆ ಮನೆಯ ಟೀಪಾಯಿ ಸಾಲದು.

ಎಲ್ಲ ಸಂಖ್ಯೆಯೂ ಬೆಸ ಇರುವುದಕ್ಕೆ ಕಾರಣವಿದೆ. ಬಹುಮತ ಎಲ್ಲಿಗೆ ಮುಟ್ಟುತ್ತದೆ ಎಂಬುದು ಸ್ಪಷ್ಟವಾಗಿ ಕಾಣಬೇಕು. ಮೂರರಲ್ಲಿ ಎರಡು, ಐದರಲ್ಲಿ ಮೂರು, ಏಳರಲ್ಲಿ ನಾಲ್ಕು ಬಂದವನಿಗೆ ಖಾತೆ ಖಾಯಂ, ಆ ಸಾಲಿನ ಮೇಲೆ ಗಡಿ ಗುರುತಿನ ಒಂದು ಬಾಂದು ಕಲ್ಲು ಇಡಬಹುದು. ಆಮೇಲೆ ಬರುವ ಅದೇ ತಾಲ್ಲೂಕಿನ ಎಲೆ ಇಬ್ಬರಿಗೂ ಸತ್ತ ಎಲೆ. ಈ ಸತ್ತ ಎಲೆಗಳನ್ನು ಮೊದಮೊದಲು ವಿನ್ಯಾಸದ ದೋಷವೆಂದೇ ಎಣಿಸಿದ್ದೆ. ಅವಕ್ಕೂ ಕೆಲಸ ಇದೆಯೆಂದು ಗೊತ್ತಾದದ್ದು ಮುಚ್ಚಿದ ಎಲೆಯ ನಿಯಮ ಬಂದ ಮೇಲೆ.

ಅಚ್ಚು ಹಾಕಿಸುವ ಮೊದಲು ಇಸ್ಪೀಟಿನಲ್ಲೇ ಆಡಿ ನೋಡಬೇಕು. ಬೆನ್ನು ಒಂದೇ ತರಹ ಇರುವ ಎರಡು ಕಟ್ಟು ತೆಗೆದುಕೊಂಡರೆ ಪ್ರತಿ ಮುಖದ ಎಂಟು ಎಲೆ ಸಿಗುತ್ತವೆ. ಎಕ್ಕ ಶೃಂಗೇರಿ, ಎರಡು ಕೊಪ್ಪ, ಮೂರು ನರಸಿಂಹರಾಜಪುರ, ಹೀಗೆ ಏಳರ ತನಕ. ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ತೆಗೆದಿಡಿ. ಐದು ಗುಲಾಮರು ತಕರಾರು. ಮುಖದ ಸಂಖ್ಯೆಯೇ ಸಾಲಿನ ಕ್ರಮವಾಗುವುದರಿಂದ ಗೊಂದಲವಿಲ್ಲ. ಎಲೆಯ ಸಂಖ್ಯೆ, ಅಂಕ, ತಕರಾರಿನ ದಂಡ ಎಲ್ಲವನ್ನೂ ಇಸ್ಪೀಟಿನಲ್ಲೇ ತಿದ್ದಿ ಮುಗಿಸಬೇಕು. ಅಚ್ಚಾದ ಮೇಲೆ ಒಂದು ಎಲೆ ಹೆಚ್ಚು ಮಾಡಲೂ ಇನ್ನೊಂದು ಶೀಟು ಹಾಕಿಸಬೇಕಾಗುತ್ತದೆ.

ಆಟದ ಆರಂಭ ಹೀಗೆ. ನಲವತ್ತನ್ನೂ ಕಲಸಿ ಇಬ್ಬರಿಗೂ ಎರಡೆರಡು ಎಲೆ ಮುಚ್ಚಿ ಕೊಡಿ. ಇವು ಆಟದಿಂದ ಹೊರಗೆ, ಆದರೆ ಅವರವರದನ್ನು ಅವರವರು ನೋಡಿಕೊಳ್ಳಬಹುದು. ಉಳಿದದ್ದು 36, ಆರು ಸರದಿಗೆ ಆರಾರು ಎಲೆ. ಇಬ್ಬರಲ್ಲಿ ಹಿರಿಯರು ಮೊದಲು ಪಾಲು ಮಾಡುತ್ತಾರೆ, ಆಮೇಲೆ ಸರದಿ ಅದಲುಬದಲು. ಒಬ್ಬೊಬ್ಬರಿಗೂ ಮೂರು ಸಲ ಪಾಲು ಮಾಡುವ, ಮೂರು ಸಲ ಆರಿಸುವ ಅವಕಾಶ.

ಹೊರಗಿಡುವ ನಾಲ್ಕು ಎಲೆ ಬಂದದ್ದು ಎರಡು ತಪ್ಪುಗಳನ್ನು ತಿದ್ದುವಾಗ. ಮೊದಲು 40 ಎಲೆಯನ್ನೂ ಐದೈದರಂತೆ ಎಂಟು ಸರದಿಗೆ ಹಂಚುತ್ತಿದ್ದೆ. ಕೊನೆಯ ಸರದಿಗೆ ಬರುವಷ್ಟರಲ್ಲಿ ಎಣಿಕೆ ಇಟ್ಟವನಿಗೆ ಉಳಿದ ಎಲೆ ಯಾವುವೆಂದು ಗೊತ್ತಾಗುತ್ತಿತ್ತು, ಪಾಲು ಮಾಡುವ ಮೊದಲೇ ಆಟ ಮುಗಿದಿರುತ್ತಿತ್ತು. ಐದು ಎಲೆಯನ್ನು ಹೊರಗಿಟ್ಟು ನೋಡಿದರೆ ಏಳು ಸರದಿಯಾಗಿ ಒಬ್ಬರಿಗೆ ನಾಲ್ಕು ಸಲ, ಇನ್ನೊಬ್ಬರಿಗೆ ಮೂರು ಸಲ. ಅದಕ್ಕಿಂತ ದೊಡ್ಡ ತೊಂದರೆ ಮೊದಲ ಸರದಿಯದು. ಮೇಜು ಖಾಲಿ ಇರುವಾಗ ಎಲ್ಲ ಎಲೆಯ ಬೆಲೆಯೂ ಇಬ್ಬರಿಗೂ ಒಂದೇ, ಮತ್ತೆ ಅದೇ ಕಿರಾಣಿ ಲೆಕ್ಕ. ಹೊರಗಿಟ್ಟ ನಾಲ್ಕನ್ನು ಎರಡೆರಡಾಗಿ ಗುಟ್ಟಾಗಿ ತೋರಿಸಿದ್ದೇ ತಡ, ಮೊದಲ ಪಾಲಿನಿಂದಲೇ ಇಬ್ಬರ ಲೆಕ್ಕ ಬೇರೆಯಾಯಿತು. ನನ್ನ ಕೈಯ ಎರಡೂ ಕಡೂರೇ ಆದರೆ ಆಟದಲ್ಲಿರುವುದು ಐದೇ ಕಡೂರು, ಅದರ ಖಾತೆಗೆ ನನಗೆ ಮೂರು ಸಾಕು. ಎದುರಾಳಿ ಇನ್ನೂ ನಾಲ್ಕು ಬೇಕೆಂದೇ ಲೆಕ್ಕ ಹಾಕುತ್ತಿರುತ್ತಾನೆ. ಒಂದೇ ಎಲೆ ಹೊರಗಿದ್ದರೆ ಮೂರು-ಮೂರು ಸಮ ಆಗಬಹುದು. ಸಮವಾದರೆ ಖಾತೆ ಯಾರಿಗೂ ಇಲ್ಲ.

ಸರದಿಗೆ ಆರೇ ಎಲೆ ಏಕೆ? ನಾಲ್ಕು ಎಲೆಯನ್ನು ಎರಡು ಪಾಲಾಗಿ ಒಡೆಯಲು 7 ದಾರಿ, ಐದನ್ನು 15, ಆರನ್ನು 31, ಏಳನ್ನು 63. ನಾಲ್ಕಿದ್ದರೆ ಉತ್ತರ ಕಣ್ಣಿಗೇ ಕಾಣುತ್ತದೆ. ಏಳಾದರೆ ಪಾಲು ಮಾಡುವವನು ಗಲ್ಲಕ್ಕೆ ಕೈಕೊಟ್ಟು ಕೂತುಬಿಡುತ್ತಾನೆ, ಎದುರಿನವನ ಕಾಫಿ ಆರಿ ತಣ್ಣಗಾಗುತ್ತದೆ. ಆರು ಹದವಾದ ಸಂಖ್ಯೆ. ಮೂರು-ಮೂರೇ ಆಗಬೇಕೆಂದಿಲ್ಲ, ಎರಡು-ನಾಲ್ಕು, ಒಂದು-ಐದೂ ನಡೆಯುತ್ತದೆ. ಖಾಲಿ ಪಾಲು ಮಾತ್ರ ಇಲ್ಲ.

ಆರರಲ್ಲಿ ಒಂದನ್ನು ಕಡ್ಡಾಯವಾಗಿ ಮುಖ ಮುಚ್ಚಿಡಬೇಕು. ಯಾವ ಪಾಲಿನಲ್ಲಾದರೂ ಸರಿ, ಆದರೆ ಅದೊಂದೇ ಒಂದು ಪಾಲಾಗಬಾರದು. ಈ ತಡೆ ಇಲ್ಲದಿದ್ದಾಗ ಒಂದು ಮುಚ್ಚಿದ ಎಲೆ ಎದುರು ಐದು ತೆರೆದ ಎಲೆ ಎಂಬ ಪಾಲು ಬರುತ್ತಿತ್ತು. ಅದು ಬರೀ ಜೂಜು, ಅದರಲ್ಲಿ ಪಾಲೂ ಇಲ್ಲ, ಆಯ್ಕೆಯೂ ಇಲ್ಲ. ತಡೆ ಹಾಕಿದ ಮೇಲೂ 31 ದಾರಿಯನ್ನು ಆರು ಎಲೆಯಿಂದ ಗುಣಿಸಿ ಆರು ಕಳೆದರೆ 180 ಬಗೆಯ ಪಾಲು ಉಳಿಯುತ್ತವೆ. ಅಷ್ಟು ಧಾರಾಳ.

ಮುಚ್ಚಿದ ಎಲೆಯಿದ್ದ ಪಾಲನ್ನು ಆರಿಸುವವನು ತೆಗೆದುಕೊಂಡರೆ ಅದನ್ನು ಅಲ್ಲೇ ತೆರೆಯಬೇಕು, ಹೇಗಿದ್ದರೂ ಪಾಲು ಮಾಡಿದವನಿಗೆ ಅದೇನೆಂದು ಗೊತ್ತು. ಪಾಲು ಮಾಡಿದವನಿಗೇ ಉಳಿದರೆ ಆಟ ಮುಗಿಯುವವರೆಗೂ ಮುಚ್ಚೇ ಇರುತ್ತದೆ. ಈ ವ್ಯತ್ಯಾಸ ಬೇಕೆಂದೇ ಇಟ್ಟದ್ದು. ಆರಿಸುವವನಿಗೆ ಮೊದಲಿನಿಂದಲೂ ಒಂದು ಕೈ ಮೇಲು, ಪಾಲು ಮಾಡುವವನಿಗೆ ಸಿಗುವ ಪರಿಹಾರ ಈ ಗುಟ್ಟು. ಆದರೂ ಕೊನೆಯ ಸರದಿಯಲ್ಲಿ ಆರಿಸುವವನಿಗೆ ಹೆಚ್ಚುಕಡಿಮೆ ಎಲ್ಲ ಕಾಣುತ್ತಿರುತ್ತದೆ, ಅದನ್ನು ಯಾವ ನಿಯಮದಿಂದಲೂ ಪೂರ್ತಿ ಸರಿಮಾಡಲು ಆಗಲಿಲ್ಲ. ಅದಕ್ಕೇ ಪೋಡಿಯನ್ನು ಜೋಡಿ ಆಟವಾಗಿ ಆಡುವುದು ಒಳ್ಳೆಯದು: ಎರಡನೇ ಆಟದಲ್ಲಿ ಚಿಕ್ಕವರು ಮೊದಲು ಪಾಲು ಮಾಡಲಿ, ಎರಡರ ಅಂಕವನ್ನೂ ಕೂಡಿಸಿ.

ಇನ್ನು ತಕರಾರು. ಪಹಣಿಯಲ್ಲಿ ತಕರಾರು ಬಿದ್ದ ಜಮೀನಿನ ಪಾಡು ಎಲ್ಲರಿಗೂ ಗೊತ್ತು, ಒಂದಿದ್ದರೆ ಹೇಗೋ ತಡೆದುಕೊಳ್ಳಬಹುದು, ಎರಡು ಮೂರಾದರೆ ನಿದ್ದೆ ಬರುವುದಿಲ್ಲ. ದಂಡವನ್ನೂ ಹಾಗೇ ಇಟ್ಟೆ. ಮೊದಲ ತಕರಾರಿಗೆ 1 ಅಂಕ ಕಡಿತ, ಎರಡನೆಯದಕ್ಕೆ ಇನ್ನೂ 2, ಮೂರನೆಯದಕ್ಕೆ ಇನ್ನೂ 3. ಅಂದರೆ ಒಟ್ಟು 1, 3, 6, 10, ಐದೂ ಒಬ್ಬನ ಪಾಲಿಗೇ ಬಂದರೆ 15. ಮೊದಲು ಪ್ರತಿ ತಕರಾರಿಗೂ ಸಾರಾಸಗಟು 2 ಅಂಕ ಕಳೆಯುತ್ತಿದ್ದೆ. ಆಗ ಅದರ ಬೆಲೆ ಇಬ್ಬರಿಗೂ ಒಂದೇ, ಪಾಲಿನ ಒಂದು ಕಡೆಗೆ ತೂಕದ ಕಲ್ಲಿಟ್ಟಂತೆ. ಏರುವ ದಂಡ ಬಂದ ಮೇಲೆ ಅದೇ ತಕರಾರು ಆಗಲೇ ಒಂದು ಹೊತ್ತುಕೊಂಡ ನನಗೆ 2 ಅಂಕದ ನಷ್ಟ, ಮೂರು ಹೊತ್ತುಕೊಂಡ ಎದುರಾಳಿಗೆ 4 ಅಂಕದ ನಷ್ಟ. ಈ ಎರಡರ ನಡುವಿನ ಅಂತರದಲ್ಲಿ ಪಾಲುಗಾರ ದುಡಿಯುತ್ತಾನೆ.

ಗಡಿಯ ಲೆಕ್ಕ: ಸಾಲಿನಲ್ಲಿ ಅಕ್ಕಪಕ್ಕದ ಎರಡು ತಾಲ್ಲೂಕಿನ ಖಾತೆ ಒಬ್ಬರದೇ ಆದರೆ ಆ ಗಡಿಗೆ 1 ಅಂಕ ಹೆಚ್ಚು. ಇದನ್ನು ಮೊದಲು 2 ಇಟ್ಟು ಕೈ ಸುಟ್ಟುಕೊಂಡೆ. ಶೃಂಗೇರಿಗೆ ಎರಡು ಎಲೆ, ಕೊಪ್ಪಕ್ಕೆ ಎರಡು ಎಲೆ, ಒಟ್ಟು ನಾಲ್ಕೇ ಎಲೆಗೆ 3 ಮತ್ತು 3 ಮತ್ತು ಗಡಿಯ 2 ಸೇರಿ 8 ಅಂಕ. ಅದೇ ನಾಲ್ಕು ಎಲೆ ಕಡೂರಿನಲ್ಲಿ ಹಾಕಿದರೆ 7. ಎಲ್ಲರೂ ಪಶ್ಚಿಮಕ್ಕೇ ಓಡತೊಡಗಿದರು, ಬಯಲುಸೀಮೆ ಅನಾಥವಾಯಿತು. ಗಡಿಯ ಅಂಕ 1ಕ್ಕೆ ಇಳಿಸಿದರೆ ಶೃಂಗೇರಿ-ಕೊಪ್ಪ ಜೋಡಿಯೂ 7, ಕಡೂರೂ 7. ಜೋಡಿ ಬೇಗ ಖಾಯಂ ಆಗುತ್ತದೆ, ಆದರೆ ಎದುರಾಳಿ ಎರಡರಲ್ಲಿ ಒಂದನ್ನು ತಪ್ಪಿಸಿದರೂ ಸಾಕು, ಗಡಿಯ ಅಂಕ ಹೋಯಿತು. ಕಡೂರು ನಿಧಾನ, ಆದರೆ ಒಂದೆರಡು ಎಲೆ ಕಳೆದುಕೊಂಡರೂ ಬದುಕುತ್ತದೆ.

ಒಂದು ಸರದಿಯನ್ನು ಹತ್ತಿರದಿಂದ ನೋಡೋಣ. ಮೂರು ಸರದಿ ಮುಗಿದು 18 ಎಲೆ ಮೇಜಿನ ಮೇಲಿವೆ, ಅಲ್ಲಿಯ ತನಕ ಮುಚ್ಚಿದ್ದ ಎಲೆಗಳೆಲ್ಲ ತೆರೆದಿವೆ ಎಂದಿಟ್ಟುಕೊಳ್ಳಿ. ಕಡೂರು ನನಗೆ ಎರಡು, ಎದುರಾಳಿಗೆ ಒಂದು. ಮೂಡಿಗೆರೆ ನನಗೆ ಒಂದು, ಅವರಿಗೆ ಎರಡು. ಶೃಂಗೇರಿ ನನಗೆ ಒಂದು, ಅವರಿಗಿಲ್ಲ. ಕೊಪ್ಪ ಎರಡೂ ಅವರದು, ಖಾತೆ ಖಾಯಂ. ತಕರಾರು ನನಗೆ ಒಂದು, ಅವರಿಗೆ ಎರಡು. ಉಳಿದ ಆರು ಎಲೆ ಬೇರೆ ಮೂರು ತಾಲ್ಲೂಕಿನವು, ಈಗ ಲೆಕ್ಕಕ್ಕಿಲ್ಲ. ಪಾಲು ಮಾಡುವ ಸರದಿ ನನ್ನದು. ಎತ್ತಿದ ಆರು ಎಲೆ: ಕಡೂರು, ಕಡೂರು, ಮೂಡಿಗೆರೆ, ಶೃಂಗೇರಿ, ಕೊಪ್ಪ, ತಕರಾರು.

ಹೊಸಬರು ಎಲೆಯ ಮೇಲೆ ಅಚ್ಚಾದ ಅಂಕವನ್ನೇ ಕೂಡಿಸುತ್ತಾರೆ. ಕಡೂರು 7, ಮೂಡಿಗೆರೆ 5, ಜೊತೆಗೆ ತಕರಾರು ಒಂದು ಕಡೆ. ಇನ್ನೊಂದು ಕಡೆ ಕಡೂರು 7, ಶೃಂಗೇರಿ 3, ಕೊಪ್ಪ 3. ಹನ್ನೆರಡಕ್ಕೆ ಹದಿಮೂರು, ತಕ್ಕಡಿ ಸಮ ಎಂದು ಖುಷಿ. ಆದರೆ ಎದುರಾಳಿ ಯಾವುದನ್ನೇ ಎತ್ತಿದರೂ ಕಡೂರು ಮೂರು-ಎರಡಕ್ಕೆ ನಿಂತು ನೇತಾಡುತ್ತದೆ. ಕೈಯಲ್ಲಿದ್ದ ಜೋಡಿಯನ್ನು ತಾನೇ ಒಡೆದುಕೊಂಡಂತಾಯಿತು. ಕೊಪ್ಪದ ಎಲೆಗೆ ಮೂರು ಅಂಕ ಹಿಡಿದದ್ದು ಇನ್ನೊಂದು ತಪ್ಪು. ಅದು ಸತ್ತ ಎಲೆ, ಅದರ ಬೆಲೆ ಸೊನ್ನೆ.

ನಾನು ಒಡೆಯುವುದು ಹೀಗೆ: ಒಂದು ಪಾಲು ಕಡೂರು, ಕಡೂರು, ತಕರಾರು. ಇನ್ನೊಂದು ಮೂಡಿಗೆರೆ, ಶೃಂಗೇರಿ, ಕೊಪ್ಪ. ಎದುರಾಳಿಯ ಕಡೆಯಿಂದ ನೋಡಿ. ಎರಡನೇ ಪಾಲಿನಲ್ಲಿ ಮೂಡಿಗೆರೆ ಮೂರಾಗಿ ಖಾಯಂ, 5 ಅಂಕ ಕೈಗೆ. ಶೃಂಗೇರಿ ಒಂದಕ್ಕೊಂದು ಆಗುತ್ತದೆ, ಕೊಪ್ಪ ಆಗಲೇ ಅವರದಾದ್ದರಿಂದ ಮುಂದೆ ಅದು ದಕ್ಕಿದರೆ ಗಡಿಯ ಅಂಕವೂ ಸೇರಿ 4. ಮೊದಲ ಪಾಲಿನಲ್ಲಿ ಕಡೂರು ಮೂರು-ಎರಡರ ಮುನ್ನಡೆ ಮಾತ್ರ, ಖಾಯಂ ಏನೂ ಇಲ್ಲ, ಜೊತೆಗೆ ಮೂರನೇ ತಕರಾರಿನ 3 ಅಂಕದ ಪೆಟ್ಟು. ಅವರು ಎರಡನೆಯದನ್ನೇ ಎತ್ತುತ್ತಾರೆ, ಎತ್ತಿ ಸಮಾಧಾನವನ್ನೂ ಪಡುತ್ತಾರೆ. ನನಗೆ ಕಡೂರು ನಾಲ್ಕಾಗಿ 7 ಅಂಕ ಖಾಯಂ, ತಕರಾರಿಗೆ 2 ಹೋದರೂ 5 ಉಳಿತಾಯ. ಅವರು ಅಪ್ಪಿತಪ್ಪಿ ಮೊದಲನೆಯದನ್ನು ಎತ್ತಿದರೆ ಶೃಂಗೇರಿ ನನಗೆ ಖಾಯಂ, ಮೂಡಿಗೆರೆ ಎರಡೆರಡಕ್ಕೆ ಸಮ, ಅವರ ತಕರಾರು ಮೂರು. ಎರಡೂ ದಾರಿಯಲ್ಲಿ ನನಗೆ ನಷ್ಟವಿಲ್ಲ.

ಯಾವ ಎಲೆ ಮುಚ್ಚಬೇಕು? ಕೈ ತಾನಾಗಿ ಹೋಗುವುದು ತಕರಾರಿನ ಕಡೆಗೆ. ಅದನ್ನು ಮುಚ್ಚಿದರೆ ಎದುರಾಳಿಗೆ ಕಾಣುವುದು ಎರಡು ಕಡೂರು ಮತ್ತು ಒಂದು ಗುಟ್ಟು, ಪಾಲು ಚೆಂದ ಕಾಣುತ್ತದೆ, ನನಗೆ ಬೇಕಾದ ಕಡೂರೇ ಅವರಿಗೆ ಆಕರ್ಷಕವಾಗುತ್ತದೆ. ಅದು ಬೇಡ. ತಕರಾರು ಎದ್ದು ಕಾಣುವಂತೆ ತೆರೆದಿಟ್ಟು ಸತ್ತ ಕೊಪ್ಪವನ್ನು ಮುಚ್ಚುವುದು ಮೇಲು. ತೆರೆದಿಟ್ಟ ಕೊಪ್ಪ ಸೊನ್ನೆ, ಮುಚ್ಚಿಟ್ಟ ಕೊಪ್ಪ ಏನು ಬೇಕಾದರೂ ಆಗಿರಬಹುದು. ಅದೇ ಉಳಿದ ಐದನೇ ತಕರಾರಾಗಿದ್ದರೆ ಎಂಬ ಭಯವೇನೋ ಇರುತ್ತದೆ, ಆದರೆ ಅವರಿಗೆ ಕಾಣದ ಎಲೆ ಆಗ 15: ಮುಚ್ಚಿದ್ದು 1, ಕಟ್ಟಿನಲ್ಲಿ 12, ನನ್ನ ಬಳಿ ಹೊರಗಿಟ್ಟದ್ದು 2. ಹದಿನೈದರಲ್ಲಿ ಒಂದರ ಭಯಕ್ಕೆ ಮೂಡಿಗೆರೆ ಬಿಡುವವರು ಕಡಿಮೆ. ಸತ್ತ ಎಲೆಗೆ ಜೀವ ಬರುವುದು ಹೀಗೆ ಮುಚ್ಚಿದಾಗ ಮಾತ್ರ, ಅದಕ್ಕೇ ಮೊದಲೆರಡು ಸರದಿಯಲ್ಲಿ ಬೆಲೆಯ ಎಲೆ ಮುಚ್ಚಿ, ಕೊನೆಕೊನೆಗೆ ಸತ್ತ ಎಲೆ ಮುಚ್ಚುವುದು ರೂಢಿಯಾಗುತ್ತದೆ. ರೂಢಿಯಾದದ್ದನ್ನು ಎದುರಾಳಿ ಹಿಡಿದುಬಿಡುತ್ತಾನೆ, ಆಗ ಒಮ್ಮೆ ತಿರುಗಿಸಿ ಆಡಬೇಕು.

ಒಂದು-ಐದರ ಪಾಲು ಅಪರೂಪ, ಬರುವುದು ಸಾಮಾನ್ಯವಾಗಿ ಒಂದೇ ಕೈಯಲ್ಲಿ ಮೂರು ತಕರಾರು ಬಂದಾಗ. ಆಗ ಒಂದು ಒಳ್ಳೇ ಎಲೆಯನ್ನು ಒಂಟಿಯಾಗಿಟ್ಟು ಉಳಿದೈದನ್ನು ಕಟ್ಟಿಟ್ಟರೆ ಒಳ್ಳೇ ತಿಕ್ಕಾಟ ಹುಟ್ಟುತ್ತದೆ.

ಕೊನೆಗೆ ಮುಚ್ಚಿದ್ದೆಲ್ಲ ತೆರೆದು ಖಾತೆಯ ಅಂಕ, ಗಡಿಯ ಅಂಕ ಕೂಡಿಸಿ ತಕರಾರು ಕಳೆಯಿರಿ. ಸಮವಾದರೆ ತಕರಾರು ಕಡಿಮೆ ಇದ್ದವರದು ಗೆಲುವು.

ಅಚ್ಚಿನ ಕೆಲಸಕ್ಕೆ ಬಂದರೆ, ಎಲೆಯ ಅಳತೆ 63 ಮಿಮೀ ಅಗಲ, 88 ಮಿಮೀ ಎತ್ತರ. ಡಿಜಿಟಲ್ ಪ್ರಿಂಟ್ ಮಾಡುವ ಕಡೆ ಸಿಗುವ ಶೀಟು 12×18 ಇಂಚು, ಅಂದರೆ 305×457 ಮಿಮೀ. ಉದ್ದಕ್ಕೆ ಏಳು ಎಲೆ ಹಿಡಿಸಿದರೆ 441, ಅಡ್ಡಕ್ಕೆ ಮೂರು ಹಿಡಿಸಿದರೆ 264. ಒಂದು ಶೀಟಿಗೆ 21 ಎಲೆ, ಎರಡು ಶೀಟಿಗೆ 42. ನಲವತ್ತು ಎಲೆ ಹೋಗಿ ಎರಡು ಉಳಿಯುತ್ತವೆ, ಅವುಗಳಲ್ಲಿ ತಕರಾರಿನ ದಂಡ ಮತ್ತು ಅಂಕದ ಪಟ್ಟಿ ಅಚ್ಚು ಹಾಕಿ ಇಬ್ಬರಿಗೂ ಒಂದೊಂದು ಕೊಡಬಹುದು. ಉದ್ದದಲ್ಲಿ ಎರಡು ತುದಿಗೂ 8 ಮಿಮೀ ಮಾತ್ರ ಉಳಿಯುವುದರಿಂದ ಎಲೆಗಳ ನಡುವೆ ಸಂದು ಬಿಡುವ ಹಾಗಿಲ್ಲ. ಒಂದು ಎಲೆಯ ಅಂಚೇ ಮುಂದಿನದರ ಅಂಚು, ಕತ್ತರಿಸುವ ಗೆರೆಯೂ ಒಂದೇ. 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ಆರ್ಟ್ ಕಾರ್ಡ್ ಸಾಕು.

ಬೆನ್ನಿನ ಚಿತ್ರಕ್ಕೆ ಸುತ್ತಲೂ ಬಿಳಿ ಅಂಚು ಬಿಟ್ಟದ್ದು ನಾನು ಮಾಡಿದ ದೊಡ್ಡ ತಪ್ಪು. ಮುಂದೆ-ಹಿಂದೆ ಅಚ್ಚಾಗುವಾಗ ಕಾಗದ ಒಂದೆರಡು ಮಿಲಿಮೀಟರ್ ಜರುಗುವುದು ಮಾಮೂಲು. ಆಗ ಒಂದೊಂದು ಎಲೆಯ ಬಿಳಿ ಅಂಚು ಒಂದೊಂದು ಬಗೆ, ಎರಡು ಆಟ ಆಡುವುದರೊಳಗೆ ಅಗಲ ಅಂಚಿನದು ತಕರಾರು ಎಂದು ಕಣ್ಣಿಗೆ ಪಾಠವಾಗುತ್ತದೆ. ಮುಚ್ಚಿದ ಎಲೆಯ ಮೇಲೆ ನಿಂತ ಆಟಕ್ಕೆ ಇದು ಮರಣಶಾಸನ. ಬೆನ್ನಿಗೆ ಅಂಚೇ ಇಲ್ಲದ ಒಂದೇ ಗಟ್ಟಿ ಬಣ್ಣ ಹಾಕಿಸಿ, ಜರುಗಿದರೂ ಗೊತ್ತಾಗುವುದಿಲ್ಲ.

ಕನ್ನಡ ಅಕ್ಷರದ ವಿಚಾರ ಬೇರೆಯೇ ಇದೆ. ಕೈಯಲ್ಲಿ ಆರು ಎಲೆ ಬೀಸಣಿಗೆಯಂತೆ ಹಿಡಿದಾಗ ಕಾಣುವುದು ಎಡ ಮೇಲ್ಮೂಲೆಯ 12 ಮಿಮೀ ಮಾತ್ರ. ಅಲ್ಲಿ ತಾಲ್ಲೂಕಿನ ಮೊದಲ ಅಕ್ಷರ ಹಾಕಿದೆ, ಸಂಜೆ ಬೆಳಕಿನಲ್ಲಿ 'ಕ' ಮತ್ತು 'ಕೊ' ಕಲಸಿಹೋದವು. ಕಡೂರಿಗೂ ಕೊಪ್ಪಕ್ಕೂ ನಾಲ್ಕು ಅಂಕದ ವ್ಯತ್ಯಾಸವಿದೆ, ಸಣ್ಣ ತಪ್ಪಲ್ಲ. ಈಗ ಮೂಲೆಯಲ್ಲಿ ಅಂಕ, ಅದರ ಕೆಳಗೆ ಅಕ್ಷರ, ಎಡ ಅಂಚಿಗೆ ತಾಲ್ಲೂಕಿಗೊಂದು ಬಣ್ಣದ ಪಟ್ಟಿ. ಎಲೆಯ ನಡುವೆ ಹೆಸರು ಬರೆಯುವಾಗ ಸಾಲಿನ ಎತ್ತರ ಅಕ್ಷರದ 1.4 ಪಟ್ಟಾದರೂ ಇರಲಿ, ಇಲ್ಲವಾದರೆ 'ಕೊಪ್ಪ'ದ ಒತ್ತಕ್ಷರ ಕೆಳಗಿನ ಗೆರೆಗೆ ತಾಗುತ್ತದೆ. ಹೆಸರಿಗೆ 'ಬಾಲೂ ತಮ್ಮ', ನಿಯಮಕ್ಕೆ 'ನೋಟೊ ಸ್ಯಾನ್ಸ್ ಕನ್ನಡ' ಫಾಂಟ್‌ಗಳು ಚೆನ್ನಾಗಿ ಹೊಂದುತ್ತವೆ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಎಲೆ ಬಿಡಿಸಿ, ಅಕ್ಷರಗಳನ್ನೆಲ್ಲ ಆಕೃತಿಯಾಗಿ ಪರಿವರ್ತಿಸಿ, ಪಿಡಿಎಫ್ ಮಾಡಿಯೇ ಅಚ್ಚಿಗೆ ಕೊಡಬೇಕು. ಫಾಂಟ್ ಸೇರಿಸದ ಕಡತವನ್ನು ಅಂಗಡಿಯ ಹಳೇ ಡಿಟಿಪಿ ತಂತ್ರಾಂಶದಲ್ಲಿ ತೆರೆದರೆ ಶೃಂಗೇರಿಯ 'ಶೃ' ಚೂರಾಗಿ ಸಾಲಾಗಿ ಕೂತಿರಬಹುದು.

ಲ್ಯಾಮಿನೇಶನ್ ಮ್ಯಾಟ್ ಇರಲಿ, ಎರಡೂ ಬದಿಗೆ ಇರಲಿ. ದುಡ್ಡು ಉಳಿಸಲು ಮುಖಕ್ಕೆ ಮಾತ್ರ ಹಾಕಿಸಿದರೆ ಬರಿ ಬೆನ್ನು ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಪ್ಲಾಸ್ಟಿಕ್ ಬದಿ ಹಿಗ್ಗುವುದಿಲ್ಲ, ಎಲೆ ದೋಣಿಯಂತೆ ಬಾಗುತ್ತದೆ. ಮಲೆನಾಡಿನ ಜೂನ್-ಜುಲೈಯಲ್ಲಿ ಇದಕ್ಕೆ ಒಂದು ರಾತ್ರಿ ಸಾಕು. ಲ್ಯಾಮಿನೇಶನ್ ಆದ ಮೇಲೆಯೇ ಕತ್ತರಿಸಬೇಕು, ಸ್ಟೀಲ್ ಸ್ಕೇಲ್ ಒತ್ತಿಹಿಡಿದು ಹೊಸ ಬ್ಲೇಡಿನಲ್ಲಿ, ಒಂದೇ ಸಲಕ್ಕೆ ಕತ್ತರಿಸಲು ಹೋಗದೆ ಎರಡು ಮೂರು ಹಗುರ ಎಳೆತದಲ್ಲಿ. ಮೂಲೆಗೆ 3 ಮಿಮೀ ದುಂಡಗಿನ ಪಂಚ್. ಮೂಲೆ ಚೂಪಾಗಿ ಬಿಟ್ಟರೆ ಮೊದಲು ಮಡಚುವ ಎಲೆಯೇ ಗುರುತಿನ ಎಲೆ.

ಬಾಂದು ಕಲ್ಲಿಗೆ ಏಳು ಕಾಫಿ ಬೀಜ. ಹುರಿದದ್ದು ಬೇಡ, ಎಣ್ಣೆ ಬಿಟ್ಟು ಎಲೆಯ ಮೇಲೆ ಕಲೆ ಮಾಡುತ್ತದೆ. ಸಿಪ್ಪೆ ತೆಗೆದ ಹಸಿ ಅರೇಬಿಕಾ ಬೀಜವನ್ನು ಗೀರಿನ ಚಪ್ಪಟೆ ಬದಿ ಕೆಳಗೆ ಮಾಡಿ ಇಟ್ಟರೆ ಅಲ್ಲಾಡುವುದಿಲ್ಲ. ಬೀಜದಲ್ಲಿ ಪಿಬಿ, ಅಂದರೆ ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಪೀಬೆರಿ ಬೀಜ, ಸೇರಿಕೊಂಡಿದ್ದರೆ ಆರಿಸಿ ತೆಗೆಯಿರಿ, ಅದು ಗುಂಡಗಿದ್ದು ಪಕ್ಕದ ತಾಲ್ಲೂಕಿಗೆ ಉರುಳುತ್ತದೆ. ಬಾಂದು ಕಲ್ಲು ತಾನಾಗಿ ಜರುಗುವುದು ಹೊಲದಲ್ಲೇ ಸಾಕು.

ಕಲಸುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಆಟ ಮುಗಿದಾಗ ಎಲೆಗಳು ತಾಲ್ಲೂಕುವಾರು ಗುಡ್ಡೆಯಾಗಿರುತ್ತವೆ. ಸುಮ್ಮನೆ ಮೇಲಿಂದ ಕೆಳಕ್ಕೆ ನಾಲ್ಕು ಸಲ ಜಾರಿಸಿದರೆ ಮುಂದಿನ ಆಟದಲ್ಲಿ ಒಂದೇ ಕೈಗೆ ನಾಲ್ಕು ಕಡೂರು ಬರುತ್ತವೆ. 52 ಎಲೆಯ ಕಟ್ಟನ್ನು ಎರಡು ಭಾಗ ಮಾಡಿ ಹೆಣೆದು ಕಲಸುವುದಾದರೆ ಸುಮಾರು ಏಳು ಸಲ ಬೇಕೆಂದು ಗಣಿತಜ್ಞರಾದ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ 1992ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಲ್ಯಾಮಿನೇಟ್ ಆದ 300 ಜಿಎಸ್‌ಎಂ ಎಲೆ ಹಾಗೆ ಹೆಣೆಯಲು ಸಲೀಸಾಗಿ ಬಗ್ಗುವುದಿಲ್ಲ. ಮೊದಲು ಒಂದೊಂದೇ ಎಲೆ ಹಾಕುತ್ತಾ ಏಳು ಗುಡ್ಡೆ ಮಾಡಿ, ಗುಡ್ಡೆಗಳನ್ನು ಹಿಂದುಮುಂದಾಗಿ ಜೋಡಿಸಿ, ಆಮೇಲೆ ಚಾಪೆಯ ಮೇಲೆ ಮುಖ ಕೆಳಗಾಗಿ ಹರಡಿ ಎರಡೂ ಅಂಗೈಯಲ್ಲಿ ಒಂದು ನಿಮಿಷ ಕಲಸಿ. ಮಕ್ಕಳಿಗೆ ಕೊಟ್ಟರೆ ಈ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ.

ಹಾಸನ ಜಿಲ್ಲೆಗೆ ಇದೇ ಆಟವನ್ನು ಹೊಂದಿಸುವಾಗ ಸಂಖ್ಯೆಗಳನ್ನೆಲ್ಲ ಮತ್ತೆ ಕಟ್ಟಬೇಕಾಯಿತು, ಅಲ್ಲಿ ಎಂಟು ತಾಲ್ಲೂಕು. ಸಾಲು ಅರಸೀಕೆರೆಯಿಂದ ಹೊರಟು ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಹಾಸನ, ಆಲೂರು, ಸಕಲೇಶಪುರ, ಬೇಲೂರಿಗೆ ಮುಗಿಯುತ್ತದೆ. ಹಾಸನ, ಅರಸೀಕೆರೆಗೆ 7, ಚನ್ನರಾಯಪಟ್ಟಣ, ಬೇಲೂರು, ಸಕಲೇಶಪುರಕ್ಕೆ 5, ಉಳಿದ ಮೂರಕ್ಕೆ 3, ಒಟ್ಟು 38. ತಕರಾರು ಐದೇ ಇಟ್ಟರೆ 43 ಆಗಿ ಲೆಕ್ಕ ಕೂರುವುದಿಲ್ಲ. ನಾಲ್ಕಕ್ಕೆ ಇಳಿಸಿದರೆ 42, ಇಬ್ಬರಿಗೂ ಹೊರಗಿನ ಎಲೆ ಎರಡರ ಬದಲು ಮೂರು ಕೊಟ್ಟರೆ ಮತ್ತೆ 36, ಆರು ಸರದಿ. ಗುಟ್ಟಿನ ಎಲೆ ಹೆಚ್ಚಾದ್ದರಿಂದ ಹಾಸನದ ಆಟದಲ್ಲಿ ಊಹೆ ಜಾಸ್ತಿ, ತಕರಾರು ಕಡಿಮೆಯಾದ್ದರಿಂದ ಪೆಟ್ಟು ಕಡಿಮೆ. ಸಣ್ಣ ತಾಲ್ಲೂಕುಗಳಾದ ಹೊಳೆನರಸೀಪುರ, ಅರಕಲಗೂಡು ಒಟ್ಟಿಗೇ ಬರುವುದರಿಂದ ಅವೆರಡರ ಗಡಿಗೇ ಮೊದಲ ಜಗಳ. ನಲವತ್ತೆರಡೂ ಎಲೆಯೇ ಆಗಿ ಎರಡು ಶೀಟು ಭರ್ತಿಯಾದ್ದರಿಂದ ಅಂಕದ ಪಟ್ಟಿಗೆ ಜಾಗವಿಲ್ಲ. ಅದನ್ನು ಶೀಟಿನ ಅಡ್ಡದಲ್ಲಿ ಉಳಿಯುವ 41 ಮಿಮೀ ಅಂಚಿನಲ್ಲಿ, ಚಿತ್ರವನ್ನು ಒಂದು ಬದಿಗೆ ಸರಿಸಿ, ಉದ್ದನೆಯ ಪಟ್ಟಿಯಾಗಿ ಅಚ್ಚು ಹಾಕಿಸಿ ಕತ್ತರಿಸಿಕೊಳ್ಳುತ್ತೇನೆ.